ಅಡ್ಡ ಇಟ್ಟ ಕೊಂಬೆ

ಸಾಹೇಬರ ಜೀಪಿನ ಬಾನೆಟಿನ ಮೇಲೆ ನಮ್ಮ ಮಾವನ ಹುಂಜ ಹಾರಿ ಕೂತು ಹಿಕ್ಕೆ ಹಾಕಿತು. ನಮ್ಮ ಗುಡ್ಡೆಯಲ್ಲಿ ಸರಕಾರದ ಎದುರು ಮೊದಲು ಧೈರ್ಯ ಮಾಡಿದ್ದು ಅದೇ. ಆಮೇಲೆ ನಾವೆಲ್ಲ.

ನಗಬೇಡಿ ಎಂದು ನಾನು ಹೇಳುವುದಿಲ್ಲ. ನಗಿ. ನಾನೂ ನಗುತ್ತಲೇ ಹೇಳುತ್ತಿದ್ದೇನೆ. ನನಗೊಂದು ರೋಗ ಉಂಟು. ಸಿಟ್ಟು ಬಂದರೆ ಅಳು ಬರುವುದಿಲ್ಲ, ಬೈಗುಳ ಬರುವುದಿಲ್ಲ, ನಗು ಬರುತ್ತದೆ. ಹೊಟ್ಟೆಯ ಬುಡದಿಂದ ಒಮ್ಮೆ ಎದ್ದಿತೆಂದರೆ ಯಾರಪ್ಪ ಬಂದರೂ ನಿಲ್ಲುವುದಿಲ್ಲ. ಮದುವೆಯಾದ ಹೊಸತರಲ್ಲಿ ಪೇಟೆಯ ಹೋಟೆಲಿನವನು ನನ್ನನ್ನೂ ಗಂಡನನ್ನೂ ಹಿಂಬಾಗಿಲಲ್ಲಿ ನಿಲ್ಲಿಸಿ ಬೇರೆ ಲೋಟದಲ್ಲಿ ಚಾ ಕೊಟ್ಟ. ನಾನು ನಕ್ಕೆ. ಚಾ ಮೂಗಿಗೆ ಹತ್ತಿತು. ಹುಚ್ಚಿಯನ್ನು ಕಟ್ಟಿಕೊಂಡಿದ್ದೀಯಾ ಎಂದು ಅವನು ನನ್ನ ಗಂಡನನ್ನು ಕೇಳಿದ.

ನಾನು ಕುಶಲಾ. ಮಲೆಕುಡಿಯರ ಹೆಂಗಸು. ಏಳನೆಯ ಕ್ಲಾಸು ಓದಿದ್ದೇನೆ. ಅಜೆಕಾರಿನಲ್ಲಿ ಬಸ್ಸಿಳಿದು ಒಂದೂವರೆ ಗಂಟೆ ಹತ್ತಿದರೆ ನಮ್ಮ ನೆಕ್ಕರೆಗುಡ್ಡೆ. ಜೀಪು ಬರುವಂಥ ಮಣ್ಣಿನ ದಾರಿ ಉಂಟು, ಜೀಪು ಮಾತ್ರ ನಮ್ಮ ಹತ್ತಿರ ಇಲ್ಲ. ಗಂಡ ತೀರಿಹೋಗಿ ಆರು ವರ್ಷವಾಯಿತು. ಮಗಳು ಕಾವ್ಯ ಮಣಿಪಾಲದಲ್ಲಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲಿ ನಾನು, ಮಾವ ದೂಮಪ್ಪ, ಮತ್ತು ಆ ಹುಂಜ. ನಾನು ದಿನಾ ಕೆಳಗಿಳಿದು ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಹೊರುತ್ತೇನೆ. ತಲೆಯ ನಡುವೆ ಅಂಗೈಯಗಲ ಕೂದಲಿಲ್ಲ.

ಗುಡ್ಡೆಯಲ್ಲಿ ಒಂಬತ್ತು ಮನೆ, ಒಂಬತ್ತು ತುಂಡು ಜಾಗ. ಮನೆಗೊಂದು ತುಂಡು ಎಂದು ತಿಳಿಯಬೇಡಿ. ಒಂಬತ್ತು ಮನೆಯವರೂ ಸೇರಿ ಒಂದು ವರ್ಷ ಒಂದೇ ತುಂಡು ಮಾಡುತ್ತೇವೆ. ಬೇಸಗೆಯಲ್ಲಿ ಕುರುಚಲು ಕಡಿದು, ಸುತ್ತ ಬೆಂಕಿ ದಾಟದ ಹಾಗೆ ಕೆರೆದು, ಒಣಗಿದ್ದನ್ನು ಸುಡುತ್ತೇವೆ. ಮೊದಲ ಮಳೆಗೆ ಕೋಲಿನಿಂದ ಕುತ್ತಿ ರಾಗಿ, ತೊಗರಿ, ಅಲಸಂಡೆ, ಮುಳ್ಳುಸೌತೆ ಹಾಕುತ್ತೇವೆ. ನೇಗಿಲು ತಾಗಿಸುವುದಿಲ್ಲ. ದೀಪಾವಳಿಯ ಹೊತ್ತಿಗೆ ಕೊಯ್ಲು. ಕೊಯ್ಲು ಮುಗಿದ ಮೇಲೆ ಗುಡ್ಡೆಯ ಹಿರಿಯರು ಆ ತುಂಡಿನ ದಾರಿಗೆ ಅಡ್ಡವಾಗಿ ಕಾಸರಕನ ಮರದ ಕೊಂಬೆಯೊಂದನ್ನು ಇಡುತ್ತಾರೆ. ಅಲ್ಲಿಗೆ ಮುಗಿಯಿತು. ಇನ್ನು ಎಂಟು ವರ್ಷ ಅಲ್ಲಿಗೆ ಮನುಷ್ಯ ಹೋಗಬಾರದು, ದನ ಹೋಗಬಾರದು, ಕತ್ತಿ ಹೋಗಲೇಬಾರದು. ಇಟ್ಟವರೇ ತೆಗೆಯಬೇಕು. ಒಣಗಿ ಪುಡಿಯಾದರೆ ಹೊಸದು ಇಡುತ್ತಾರೆ.

ಅವಳು ಮಲಗಿದ್ದಾಳೆ ಎನ್ನುತ್ತೇವೆ ನಾವು. ಹೆತ್ತ ಹೆಂಗಸು ಮಲಗುವುದಿಲ್ಲವೇ, ಹಾಗೆ.

ಮಲಗಿದವಳು ಸುಮ್ಮನೆ ಇರುತ್ತಾಳೆ ಎಂದುಕೊಂಡಿರಾ? ಮೊದಲ ಎರಡು ವರ್ಷ ಹುಲ್ಲು, ನಾವು ಕಮ್ಯುನಿಸ್ಟ್ ಎನ್ನುವ ಕಳೆಗಿಡ. ಮೂರು ನಾಲ್ಕಕ್ಕೆ ನೆಕ್ಕರೆ ಬರುತ್ತದೆ, ನೇರಳೆ ಹೂವು, ತಿಂದರೆ ನಾಲಿಗೆ ಕಪ್ಪಾಗುವ ಹಣ್ಣು. ಐದಕ್ಕೆ ಉಪ್ಪಳಿಗೆ ಮರ ಎದ್ದು ನಿಲ್ಲುತ್ತದೆ. ಉಪ್ಪಳಿಗೆ ತೊಡೆ ದಪ್ಪವಾಗಿ, ಬುಡದಲ್ಲಿ ಪಾದ ಮುಳುಗುವಷ್ಟು ತರಗೆಲೆ ಬಿದ್ದು, ಎರೆಹುಳು ಮಣ್ಣು ಉಗುಳಿ ಉಗುಳಿ ಗುಪ್ಪೆ ಹಾಕಿದರೆ ಎಂಟು ವರ್ಷ ಆಯಿತೆಂದು ಲೆಕ್ಕ. ಆಗ ಮಣ್ಣು ಹಿಡಿದು ನೋಡಬೇಕು ನೀವು. ಕರಿ, ಮೆದು, ಬೆಚ್ಚಗೆ. ಮೂಸಿದರೆ ಹಸಿವಾಗುತ್ತದೆ. ಚೀಲದ ಗೊಬ್ಬರ ಒಂದು ಹಿಡಿ ಬೇಡ.

ಮೊದಲು ನಮಗೆ ಹತ್ತು ತುಂಡು ಇತ್ತು. ಹತ್ತನೆಯದರ ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ಅವಳು ಮಲಗಿದ್ದಾಗ ಅರಣ್ಯ ಇಲಾಖೆಯವರು ಬಂದು, ಇದು ಖಾಲಿ ಜಾಗ, ಅಕೇಶಿಯಾ ನೆಡುತ್ತೇವೆ ಎಂದರು. ಗುಂಡಿ ತೋಡಲು ಆಳು ಬೇಕೆಂದು ನಮ್ಮನ್ನೇ ಕರೆದರು. ಮನೆಯಲ್ಲಿ ಅಕ್ಕಿ ಇರಲಿಲ್ಲ. ಕಾವ್ಯ ಹುಟ್ಟಿ ಹದಿನಾರು ದಿನ. ನಾನು ಹೋದೆ. ಪಿಕ್ಕಾಸು ಎತ್ತಿದಾಗೆಲ್ಲ ಹೊಟ್ಟೆಯ ಒಳಗೆ ಏನೋ ಕಿತ್ತು ಬರುತ್ತಿತ್ತು. ಎದೆಹಾಲು ರವಿಕೆ ತೋಯಿಸಿ, ಸೊಂಟದವರೆಗೆ ಇಳಿದು, ಗುಂಡಿಯೊಳಗೆ ತೊಟ್ಟಿಕ್ಕಿತು. ಕಾಲಿನ ನಡುವೆ ರಕ್ತ. ಮೇಸ್ತ್ರಿ ನೋಡಿ ಮುಖ ಸಿಂಡರಿಸಿ, ಆ ಕಡೆಯ ಗುಂಡಿ ತೋಡು ಹೋಗು, ಎಂದ. ಆ ದಿನ ನಲವತ್ತು ಗುಂಡಿ ತೋಡಿದೆ. ನಮ್ಮ ಜಾಗವನ್ನು ಅವರಿಗೆ ತೋಡಿ ಕೊಟ್ಟವಳು ನಾನೇ.

ಈಗ ಅಲ್ಲಿ ಅಕೇಶಿಯಾ ಉಂಟು. ಅಡಿಯಲ್ಲಿ ಹುಲ್ಲೂ ಇಲ್ಲ.

ಎರಡು ವರ್ಷದ ಹಿಂದೆ, ಉಳಿದ ಒಂಬತ್ತಕ್ಕೆ ಹಕ್ಕುಪತ್ರ ಕೊಡಿ ಎಂದು ನಾವು ಹಾಕಿದ್ದ ಅರ್ಜಿಗೆ ಮೊದಲ ಸರ್ವೆ ಬಂತು. ಏಳು ವರ್ಷ ಮಲಗಿದ್ದ ತುಂಡಿನ ಮುಂದೆ ನಿಂತು ಒಬ್ಬ ಗುಮಾಸ್ತರು, "ಇಲ್ಲಿ ಎಂತ ಬೆಳೆಯುತ್ತೀರಿ?" ಎಂದು ಕೇಳಿದರು. ಮಾವ ಎದೆ ಉಬ್ಬಿಸಿದರು.

"ಏಳು ವರ್ಷ ಯಾರೂ ಕಾಲಿಟ್ಟಿಲ್ಲ ಸ್ವಾಮಿ!"

ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಮದುವೆ ಬಂತು, ಕಾಯಿಲೆ ಬಂತು, ಗಂಜಿಗಿಲ್ಲದ ಆಟಿ ತಿಂಗಳು ಬಂತು, ಆದರೂ ಆಸೆಗೆ ಬಿದ್ದು ಅವಳನ್ನು ಎಬ್ಬಿಸಲಿಲ್ಲ ಎಂದು ಅರ್ಥ. ಒಳ್ಳೆಯ ಮನೆತನದವರು ಆಡುವ ಮಾತು ಅದು. ಗುಮಾಸ್ತರು ತಲೆದೂಗಿ ಬರೆದುಕೊಂಡರು. ನಾವು ಖುಷಿಯಲ್ಲಿ ಅವರಿಗೆ ಎರಡು ಮುಳ್ಳುಸೌತೆ ಕೊಟ್ಟು ಕಳಿಸಿದೆವು.

ಆರು ತಿಂಗಳಿಗೆ ಕಾಗದ ಬಂತು. ಜಗಲಿಯಲ್ಲಿ ನಿಂತು ನಾನೇ ಓದಿದೆ. "ಅರ್ಜಿದಾರರೇ ಒಪ್ಪಿಕೊಂಡಂತೆ ಸದರಿ ಸ್ಥಳದಲ್ಲಿ ಏಳು ವರ್ಷಗಳಿಂದ ಯಾವುದೇ ಸಾಗುವಳಿ ಇರುವುದಿಲ್ಲ. ಸ್ಥಳವು ಪಾಳು ಬಿದ್ದಿರುತ್ತದೆ."

ಮಾವ ಮತ್ತೊಮ್ಮೆ ಓದಲು ಹೇಳಿದರು. ಓದಿದೆ. ಎದ್ದು ಒಳಗೆ ಹೋದರು. ಆವತ್ತಿನಿಂದ ಅವರು ಜಾಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊಂಬೆ ಇಡುವುದನ್ನೂ ಬಿಟ್ಟರು. ಕಳೆದ ವರ್ಷ ಹಿರಿಯರಿಲ್ಲದ ಮನೆಯವರ ಹಾಗೆ ನಾನೇ ಇಟ್ಟೆ. ಮೊದಲೆಲ್ಲ ಜೋರು ಮಾತಿನ, ಹಾಸ್ಯದ ಮನುಷ್ಯ. ಈಗ ಹುಂಜದ ಜೊತೆ ಮಾತ್ರ ಮಾತು.

ನಾನು ಮೇಲ್ಮನವಿ ಹಾಕಲು ಆಫೀಸಿಗೆ ಹೋದೆ. ಅಲ್ಲಿನ ಮೇಜಿನವರು ಕೇಳಿದರು, "ಹಳೆಯ ಕೇಸಿನ ಕಾಗದ ಎಂತಾದರೂ ಉಂಟಾ? ನೀವು ಅತಿಕ್ರಮಣ ಮಾಡಿದಿರಿ, ಕಡಿದಿರಿ, ಸುಟ್ಟಿರಿ ಅಂತ ಇಲಾಖೆ ಕೇಸು ಹಾಕಿದ್ದರೆ ಅದು ಒಳ್ಳೆಯ ದಾಖಲೆ. ನೀವು ಅಲ್ಲಿ ಇದ್ದಿರಿ ಅಂತ ಸರಕಾರವೇ ಬರೆದು ಕೊಟ್ಟ ಹಾಗೆ."

"ನಮ್ಮ ಮೇಲೆ ಕೇಸೇ ಇಲ್ಲ ಸ್ವಾಮಿ. ನಮ್ಮ ಮಾವ ಯಾರ ತಂಟೆಗೂ ಹೋದವರಲ್ಲ."

"ಛೆ! ಪಕ್ಕದ ಗುಡ್ಡೆಯವರ ಮೇಲೆ ಹನ್ನೆರಡು ಕೇಸು ಇತ್ತು. ಅವರಿಗೆ ಹಕ್ಕುಪತ್ರ ಆಯಿತು ನೋಡಿ."

ನನಗೆ ನಗು ಬಂತು. ಮೂರು ತಲೆಮಾರು ಒಳ್ಳೆಯವರಾಗಿದ್ದದ್ದೇ ನಮ್ಮ ತಪ್ಪು! ಆಫೀಸಿನ ಗೋಡೆಗೆ ಒರಗಿ ನಕ್ಕೆ. ಅವರು ಎದ್ದು ನಿಂತು, ಹೊರಗೆ ಹೋಗಿ ನಿಲ್ಲು, ಎಂದರು. ಮಧ್ಯಾಹ್ನ ಮೂರರವರೆಗೆ ಬಿಸಿಲಲ್ಲಿ ಹೊರಗೆ ನಿಂತೆ. ನೀರು ಕೇಳಿದರೆ, ಅಲ್ಲಿ ಹೋಟೆಲುಂಟು, ಎಂದರು.

ಈ ವರ್ಷ ಕೊಯ್ಲಾದ ಮೂರನೆಯ ದಿನ ಸುದ್ದಿ ಬಂತು. ನಾಡಿದ್ದು ದೊಡ್ಡ ಸಾಹೇಬರು ಬರುತ್ತಾರೆ, ನಮ್ಮ ಮೇಲ್ಮನವಿಗೆ ಅದೇ ಕಡೆಯ ಪರಿಶೀಲನೆ. ಸುದ್ದಿ ತಂದವನು ಕೆಳಗಿನ ಮನೆಯ ಮುದ್ದಣ್ಣ. ಪಂಚಾಯತಿನ ಒಳಗೆ ಹೋಗಿ ಬಂದು ಮಾಡುವವನು, ಎಲ್ಲ ಬಲ್ಲವನು. ಅವನು ಉಪಾಯವನ್ನೂ ತಂದಿದ್ದ.

"ಎಂತ ನೋಡುತ್ತೀರಿ ಕುಶಲಕ್ಕ? ನಾಳೆ ಎಲ್ಲರೂ ಕತ್ತಿ ಹಿಡಿಯುವ. ಎಂಟು ತುಂಡೂ ಕಡಿದು ಹಾಕುವ. ಬಾಳೆ ಕಂದು ತಂದು ಹೂಳಿದರೆ ಸಾಗುವಳಿ ಆಯಿತು. ಸಾಹೇಬರಿಗೆ ಬಾಳೆ ಕಂಡರೆ ಸಾಕು, ಮಲಗಿದವಳು ಎದ್ದವಳು ಎಲ್ಲ ಅವರಿಗೆ ಅರ್ಥ ಆಗುವುದಿಲ್ಲ ಮಾರಾಯ್ತಿ."

ಅವನು ಹೇಳಿದ್ದು ಸುಳ್ಳಲ್ಲ. ಮರುದಿನ ಬೆಳಿಗ್ಗೆ ನಾನೂ ಕತ್ತಿ ಹಿಡಿದು ಹೊರಟೆ. ನಾಲ್ಕು ವರ್ಷದವಳ ಹತ್ತಿರ ಹೋದೆ. ನೆಕ್ಕರೆ ಎದೆಯೆತ್ತರ, ಹೂವೇ ಹೂವು. ಕೊಂಬೆಯ ಈಚೆ ಮಾವ ಕೂತಿದ್ದರು, ಹುಂಜವನ್ನು ಮಡಿಲಲ್ಲಿ ಇಟ್ಟುಕೊಂಡು. ನನ್ನನ್ನು ನೋಡಿದರು, ಕತ್ತಿಯನ್ನು ನೋಡಿದರು. ಸ್ವಲ್ಪ ಸರಿದು ನನಗೆ ದಾರಿ ಬಿಟ್ಟರು.

ದಾರಿ ಬಿಟ್ಟರಲ್ಲ, ಅದು ನನ್ನನ್ನು ಕೊಂದಿತು. ನಾಲ್ಕು ವರ್ಷದವಳನ್ನು ಎಬ್ಬಿಸುವುದೆಂದರೆ ಎಂತ? ಮೇಲಿನ ಎರಡು ಬೆರಳು ಮಣ್ಣು ಒಂದೇ ಮಳೆಗೆ ತೊಳೆದು ಹೋಗುತ್ತದೆ, ಕೆಳಗೆ ಕೆಂಪುಕಲ್ಲು. ಮತ್ತೆ ಅವಳು ಏಳುವುದೂ ಇಲ್ಲ, ಮಲಗುವುದೂ ಇಲ್ಲ. ನನ್ನ ಕೆಳಹೊಟ್ಟೆ ಇಪ್ಪತ್ತೆರಡು ವರ್ಷದ ಹಿಂದಿನ ಹಾಗೆ ಹಿಂಡಿತು. ಹದಿನಾರನೆಯ ದಿನ. ಪಿಕ್ಕಾಸು. ನಲವತ್ತು ಗುಂಡಿ.

ಕತ್ತಿಯನ್ನು ನೆಲಕ್ಕೆ ಕುಕ್ಕಿದೆ. "ಕಡಿಯುವುದಿಲ್ಲ ಮಾವ. ಬಾಳೆಯೂ ಇಲ್ಲ, ಮಣ್ಣೂ ಇಲ್ಲ. ಹೋದರೆ ಮಲಗಿದ ಹಾಗೆಯೇ ಹೋಗಲಿ," ಎಂದೆ. ಮುದ್ದಣ್ಣನಿಗೂ ಅದನ್ನೇ ಹೇಳಿದೆ. ನೀವೆಲ್ಲ ಸತ್ತಿರಿ ಎಂದು ಅವನು ಕೈ ಕೊಡವಿಕೊಂಡು ಹೋದ.

ಮರುದಿನ ಹತ್ತು ಗಂಟೆಗೆ ಜೀಪು ಬಂತು. ಗುಡ್ಡೆಯಲ್ಲಿ ಸಮತಟ್ಟಾಗಿ ಕಂಡದ್ದು ಆಗಷ್ಟೇ ಕೊಯ್ದ ರಾಗಿಯ ತುಂಡು ಒಂದೇ. ಜೀಪು ಸೀದಾ ಕೂಳೆಯ ಮೇಲೆ ಹತ್ತಿ ನಿಂತಿತು. ನಾನು ಓಡಿದೆ. "ಸ್ವಾಮಿ, ಅಲ್ಲಿ ನಿಲ್ಲಿಸಬೇಡಿ!"

"ಮತ್ತೆ ಎಲ್ಲಿ ನಿಲ್ಲಿಸುವುದು? ನಿನ್ನ ತಲೆಯ ಮೇಲಾ?" ಎಂದರು ಸಾಹೇಬರು.

ಇಳಿದವರು ಮೂವರು. ಸಾಹೇಬರು ಅಂಬಲಪಾಡಿಯ ಕಡೆಯವರಂತೆ, ಬಿಳಿ ಶರ್ಟು, ಬಗಲಲ್ಲಿ ಫೈಲು. ಸರ್ವೆಯ ಜಿತೇಶ್, ಕೈಯಲ್ಲಿ ಫೋನಿಗಿಂತ ದೊಡ್ಡ ಒಂದು ಟ್ಯಾಬು. ಮತ್ತೆ ಡ್ರೈವರ್ ಭೋಜ. ಭೋಜ ಆಚೆ ಗುಡ್ಡೆಯವನು, ನಮ್ಮವನೇ. ಆದರೆ ನಮ್ಮನ್ನು ಗುರುತಿಲ್ಲದವನ ಹಾಗೆ ನಿಂತಿದ್ದ. ನಾವು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆವು. ಸಾಹೇಬರು ಭೋಜನಿಂದ ಅದನ್ನು ಎರಡು ಸಲ ಒರೆಸಿಸಿದರು. ಆಮೇಲೂ ಕೂರಲಿಲ್ಲ. ನನಗೆ ಒಳಗೆ ಸಣ್ಣಗೆ ನಗು ಶುರುವಾಯಿತು.

ಒಂದೊಂದೇ ತುಂಡಿನ ಅಂಚಿಗೆ ನಡೆದೆವು. ಜಿತೇಶ್ ಟ್ಯಾಬು ನೋಡಿ ಹೇಳುವುದು, "ಸಾರ್, ಇದು ಪೂರ್ತಿ ಹಸಿರು ತೋರಿಸುತ್ತದೆ." ಸಾಹೇಬರು ಹೇಳುವುದು, "ಹಸಿರು ಅಂದರೆ ಸಾಗುವಳಿ ಇಲ್ಲ. ಪಾಳು. ಮುಂದೆ." ಎಂಟು ತುಂಡಿಗೂ ಅದೇ ಮಂತ್ರ. ನಡುವೆ ಜಿತೇಶ್ ಅಂಚಿನಿಂದ ನೆಕ್ಕರೆ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ. ಒಂದಲ್ಲ, ಹಿಡಿ ತುಂಬ.

"ಸ್ವಾಮಿ," ಎಂದೆ ನಾನು. "ನಿಮ್ಮ ಮನೆಯಲ್ಲಿ ಕೆಡ್ಡಸ ಮಾಡುತ್ತೀರಲ್ಲ?"

ಕೆಡ್ಡಸ ಎಂದರೆ ಭೂಮಿ ಮುಟ್ಟಾಗುವ ಮೂರು ದಿನ. ತುಳುನಾಡಿನಲ್ಲಿ ಆ ಮೂರು ದಿನ ಯಾರೂ ಗುದ್ದಲಿ ಮುಟ್ಟುವುದಿಲ್ಲ.

"ಮಾಡುತ್ತೇವೆ. ಅದಕ್ಕೆ ಎಂತ ಈಗ?"

"ನೀವು ಅವಳಿಗೆ ಮೂರು ದಿನ ರಜೆ ಕೊಟ್ಟರೆ ಅದು ದೇವರ ಕೆಲಸ. ನಾವು ಎಂಟು ವರ್ಷ ರಜೆ ಕೊಟ್ಟರೆ ಪಾಳು. ಹೌದಲ್ವಾ ಸ್ವಾಮಿ?"

ಜಿತೇಶ್ ಕಿಸಕ್ಕೆಂದ. ನಾಲಿಗೆ, ಹಲ್ಲು ಎಲ್ಲ ಕಪ್ಪಾಗಿತ್ತು. ಸಾಹೇಬರು ಅವನನ್ನು ದುರುಗುಟ್ಟಿ ನೋಡಿದರು. ನಾನು ಬಿಡಲಿಲ್ಲ. ಜೀಪಿನ ದಾರಿ ಕಡಿದ ಕಡೆ ಏಳನೆಯ ತುಂಡಿನ ಪಕ್ಕದಲ್ಲಿ ಆಳೆತ್ತರದ ಮಣ್ಣಿನ ದರೆ ಉಂಟು. ಅವಳ ಹೊಟ್ಟೆಯೇ ಸೀಳಿ ಇಟ್ಟ ಹಾಗೆ ಕಾಣುತ್ತದೆ. ಅಲ್ಲಿಗೆ ಕರೆದುಕೊಂಡು ಹೋಗಿ, ಕೈಯಿಂದ ಪಾಚಿ ಕೆರೆದು ತೋರಿಸಿದೆ. ಕೆಂಪು ಮಣ್ಣಿನ ನಡುವೆ ಮಸಿಯ ಕರಿಗೆರೆ. ಅದರ ಕೆಳಗೆ ಒಂದು ಗೇಣು ಬಿಟ್ಟು ಇನ್ನೊಂದು. ಅದರ ಕೆಳಗೆ ಮತ್ತೊಂದು.

"ಈ ಎರಡು ಗೆರೆ ನಾವು ಸುಟ್ಟದ್ದು. ಇದು ನನ್ನ ಮದುವೆಗೆ ಮೊದಲು ಮಾವ ಸುಟ್ಟದ್ದು. ಇದು ಅವರ ಅಪ್ಪ. ಎಣಿಸಿ ನೋಡಿ. ಆರು ಗೆರೆ ಉಂಟು. ಇದಕ್ಕಿಂತ ದಾಖಲೆ ಬೇಕಾ?"

ಜಿತೇಶ್ ಬೆರಳಿಟ್ಟು ಎಣಿಸಿದ. "ಆರು ಉಂಟು ಸಾರ್, ಹೌದು."

"ಮಣ್ಣು ದಾಖಲೆ ಅಲ್ಲ," ಎಂದರು ಸಾಹೇಬರು. "ಕಾಗದ ಬೇಕು. ಕಾಗದ ಇಲ್ಲದೆ ನಾನು ಎಂತ ಮಾಡುವುದು? ನೋಡು, ರಾಗಿ ಇದ್ದ ಒಂದು ತುಂಡಿಗೆ ಹಕ್ಕುಪತ್ರ ಮಾಡಿಸಿ ಕೊಡುತ್ತೇನೆ. ಉಳಿದದ್ದನ್ನು ಇಲಾಖೆ ನೋಡಿಕೊಳ್ಳುತ್ತದೆ. ಗಿಡ ನೆಡುತ್ತಾರೆ. ನಿಮಗೂ ಕೂಲಿ ಸಿಗುತ್ತದೆ."

"ಒಂದೇ ತುಂಡಾದರೆ ಅವಳು ಮಲಗುವುದು ಯಾವಾಗ?"

"ಗೊಬ್ಬರ ಹಾಕಿ ಮಾರಾಯ್ತಿ. ಚೀಲಗಟ್ಟಲೆ ಸಿಗುತ್ತದಲ್ಲ."

"ಹೆತ್ತವಳಿಗೆ ಟಾನಿಕ್ ಕುಡಿಸಿ ಕಲ್ಲು ಹೊರಲು ಕಳಿಸಿದ ಹಾಗಾಯಿತು. ಮೂರು ವರ್ಷಕ್ಕೆ ಸಾಯುತ್ತಾಳೆ ಸ್ವಾಮಿ. ಆಮೇಲೆ ನಾವು ಗುಡ್ಡೆ ಇಳಿಯಬೇಕು."

ಅವರು ಫೈಲು ಬಿಚ್ಚಿದರು. ಮಹಜರು. ಟೈಪು ಮಾಡಿಸಿಯೇ ತಂದಿದ್ದರು. ಇಸಿದುಕೊಂಡು ಗಟ್ಟಿಯಾಗಿ ಓದಿದೆ, ಎಲ್ಲರಿಗೂ ಕೇಳಲಿ ಎಂದು. "ಈ ದಿನ ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿ ಪರಿಶೀಲಿಸಲಾಗಿ ಎಂಟು ತುಂಡುಗಳು ಪಾಳು ಬಿದ್ದಿರುವುದು ಕಂಡುಬಂದಿರುತ್ತದೆ. ಅರ್ಜಿದಾರರು ಸದರಿ ತುಂಡುಗಳನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತಾರೆ." ಕೆಳಗೆ ತಾರೀಕು. ನಿನ್ನೆಯದು!

"ಅಯ್ಯೋ ದೇವರೇ! ನಿನ್ನೆಯೇ ಬಂದು ಹೋದಿರಾ ಸ್ವಾಮಿ? ನಮಗೆ ಗೊತ್ತೇ ಆಗಲಿಲ್ಲ. ಒಂದು ಚಾ ಆದರೂ ಮಾಡಿ ಕೊಡುತ್ತಿದ್ದೆವು!"

ಅಲ್ಲಿಂದ ನನ್ನ ನಗು ಕಟ್ಟೆ ಒಡೆಯಿತು. ಹಿಂದೆ ನಿಂತಿದ್ದ ಹೆಂಗಸರೂ ಬಾಯಿಗೆ ಸೆರಗು ಒತ್ತಿಕೊಂಡರು. ಸಾಹೇಬರ ಕಿವಿ ಕೆಂಪಾಯಿತು. ಪೆನ್ನು ನನ್ನ ಮುಖದ ಹತ್ತಿರ ಹಿಡಿದರು. "ನಾಟಕ ಸಾಕು. ಸಹಿ ಹಾಕು."

"ಹಾಕುವುದಿಲ್ಲ."

"ಎಂತ?"

"ಹಾಕುವುದಿಲ್ಲ ಎಂದೆ. ಹತ್ತನೆಯ ತುಂಡಿಗೆ ನಾನೇ ಗುಂಡಿ ತೋಡಿ ಕೊಟ್ಟಿದ್ದೇನೆ. ಬಾಣಂತಿಮೈಯಲ್ಲಿ ತೋಡಿದ್ದೇನೆ. ಈ ಕೈ ಇನ್ನು ಆ ಕೆಲಸ ಮಾಡುವುದಿಲ್ಲ. ಬೇಕಾದರೆ ಕಡಿದುಕೊಂಡು ಹೋಗಿ, ಕಡಿದ ಕೈಯಿಂದ ಹಾಕಿಸಿಕೊಳ್ಳಿ."

ಅವರು ಶಾಯಿಯ ಡಬ್ಬಿ ತೆರೆದು ಉಳಿದವರ ಕಡೆ ತಿರುಗಿದರು. ಏನು ಚಂದ ಗೊತ್ತೇ? ಯಾರೂ ಹೇಳಿಕೊಟ್ಟದ್ದಲ್ಲ. ಒಂಬತ್ತು ಮನೆಯವರೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಕೈ ಹಿಂದೆ ಕಟ್ಟಿ ನಿಂತರು. ನಾವೆಲ್ಲ ಸತ್ತೆವೆಂದು ಹೋಗಿದ್ದ ಮುದ್ದಣ್ಣನೂ ಯಾವಾಗಲೋ ಬಂದು ಹಿಂದಿನ ಸಾಲಿನಲ್ಲಿ ಮುಷ್ಟಿ ಕಟ್ಟಿ ನಿಂತಿದ್ದ.

"ನಿಮಗೆಲ್ಲ ತೋರಿಸುತ್ತೇನೆ. ಭೋಜ, ಗಾಡಿ ತೆಗಿ!" ಎಂದರು ಸಾಹೇಬರು.

ಎಲ್ಲರೂ ಜೀಪಿನ ಕಡೆ ತಿರುಗಿದೆವು. ಬಾನೆಟಿನ ಮೇಲೆ ಹುಂಜ, ಆಗಲೇ ಹೇಳಿದೆನಲ್ಲ. ಜೀಪಿನ ಹಿಂದೆ, ದಾರಿಗೆ ಅಡ್ಡವಾಗಿ, ಹಸಿ ಎಲೆಯ ಕಾಸರಕನ ಕೊಂಬೆ. ಕೊಂಬೆಯ ಪಕ್ಕದಲ್ಲಿ ಮಾವ. ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಕಟ್ಟಿ, ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದರು. ಎರಡು ವರ್ಷದ ಮೇಲೆ ಅವರು ಇಟ್ಟ ಮೊದಲ ಕೊಂಬೆ.

"ಕೊಯ್ಲು ಮುಗಿಯಿತು," ಎಂದರು ಮಾವ. "ಇವಳು ಮಲಗಿದಳು."

ಭೋಜ ಸ್ಟೇರಿಂಗ್ ಹಿಡಿದವನು ಕನ್ನಡಿಯಲ್ಲಿ ನೋಡಿದ. ಇಂಜಿನ್ ಬಂದ್ ಮಾಡಿದ. ಇಳಿದ. "ನಾನು ದಾಟಿಸುವುದಿಲ್ಲ ಸಾರ್."

"ಒಂದು ಕೊಂಬೆಯನ್ನು?"

"ಅದನ್ನು ದಾಟಿದೆ ಅಂತ ಗೊತ್ತಾದರೆ ನನ್ನ ಅಜ್ಜಿ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ. ಕೆಲಸ ಬೇರೆ ಸಿಗಬಹುದು ಸಾರ್. ಅಜ್ಜಿ ಒಬ್ಬಳೇ." ಇಷ್ಟು ಹೇಳಿ ಬಂದು ನಮ್ಮ ಸಾಲಿನಲ್ಲಿ ನಿಂತ.

ಸಾಹೇಬರು ಕಿರುಚಿದರು. ಅಷ್ಟೊತ್ತು ತಡೆದಿಟ್ಟದ್ದೆಲ್ಲ ಬಂತು. "ಕಾಡುಜನ! ಸರಕಾರಿ ಕೆಲಸಕ್ಕೆ ಅಡ್ಡಿ ಮಾಡುತ್ತೀರಾ? ಒಬ್ಬೊಬ್ಬರ ಮೇಲೂ ಕೇಸು ಹಾಕುತ್ತೇನೆ! ಇಲಾಖೆಯ ಜಾಗದಲ್ಲಿ ಕೊಂಬೆ ಇಟ್ಟು ದಾರಿ ಕಟ್ಟಿದರು ಎಂದು ಬರೆಯುತ್ತೇನೆ!"

ಒಂದು ಕ್ಷಣ ಎಲ್ಲರೂ ತಣ್ಣಗಾದರು. ಕೇಸು ಎಂದರೆ ನಮಗೆ ಹಾವು ತುಳಿದ ಹಾಗೆ. ಆಮೇಲೆ ಆಫೀಸಿನ ಮೇಜಿನವರ ಮಾತು ನೆನಪಾಯಿತು. ಒಳ್ಳೆಯ ದಾಖಲೆ. ಸರಕಾರವೇ ಬರೆದು ಕೊಟ್ಟ ಹಾಗೆ.

ನಗು ಬಂತು ನೋಡಿ! ಹೊಟ್ಟೆ ಹಿಡಿದು ಕೂಳೆಯ ಮೇಲೆ ಕೂತೇಬಿಟ್ಟೆ. ಕಣ್ಣಲ್ಲಿ ನೀರು. "ಹಾಕಿ ಸ್ವಾಮಿ! ದಮ್ಮಯ್ಯ, ಕೇಸು ಹಾಕಿ! ಜಾಗ ಪಾಳು ಬಿದ್ದಿತ್ತು, ಆದರೆ ಒಂಬತ್ತು ಮನೆಯವರು ಕಾಯುತ್ತಾ ನಿಂತಿದ್ದರು ಅಂತ ಬರೆಯಿರಿ. ಕಾಗದ ಬೇಕು ಅಂದಿರಲ್ಲ? ಅದೇ ನಮಗೆ ಬೇಕಾದ ಕಾಗದ! ಬರೆಯಿರಿ, ಮೊದಲ ಹೆಸರು ಕುಶಲಾ!"

ಮುದ್ದಣ್ಣನಿಗೆ ತಕ್ಷಣ ಹೊಳೆಯಿತು. ಕಾನೂನು ಗೊತ್ತಿದ್ದ ಮನುಷ್ಯ. ಒಂದೇ ನೆಗೆತಕ್ಕೆ ಮುಂದೆ ಬಂದ. "ನನ್ನ ಹೆಸರೂ ಹಾಕಿ ಸಾರ್! ಮುದ್ದಣ್ಣ! ನಾನು ಜಾಸ್ತಿ ಅಡ್ಡಿ ಮಾಡಿದ್ದೇನೆ!"

ಅಷ್ಟೇ. ಗುಡ್ಡೆಗೆ ಹುಚ್ಚು ಹಿಡಿಯಿತು. "ನನ್ನದೂ ಬರೆಯಿರಿ!" "ನಮ್ಮ ಅತ್ತೆಯನ್ನು ಬಿಡಬೇಡಿ, ಕೊಂಬೆ ಕಡಿಯಲು ಕತ್ತಿ ಕೊಟ್ಟದ್ದು ಅವರು!" "ನಾಲ್ಕನೆಯ ತುಂಡು ಕಾದವಳು ನಾನು, ನನಗೆ ಬೇರೆ ಕೇಸು ಬೇಕು!" ಸಾಹೇಬರ ಸುತ್ತ ಹೆಂಗಸರು ಮುತ್ತಿಕೊಂಡು ಬೇಡಿದರು, ಕೈ ಮುಗಿದರು, ತಮ್ಮ ತಮ್ಮ ಗಂಡಂದಿರನ್ನು ದೂಡಿ ಮುಂದೆ ತಂದರು. ನಡೆಯಲಾಗದ ಒಬ್ಬಳು ಅಜ್ಜಿ ಜಗಲಿಯಿಂದಲೇ ತನ್ನ ಹೆಸರು, ತನ್ನ ಅಪ್ಪನ ಹೆಸರು ಕೂಗಿ ಹೇಳಿದಳು. ಜಿತೇಶ್ ಕಪ್ಪು ಹಲ್ಲು ಬಿಟ್ಟುಕೊಂಡು ನಕ್ಕ. ನಕ್ಕು ಹೇಳಿದ, "ಸಾರ್, ಅವರು ಹೇಳುವುದು ಸರಿ. ಕೇಸು ಹಾಕಿದರೆ ಅವರದ್ದೇ ಸ್ವಾಧೀನ ಅಂತ ನಾವೇ ಒಪ್ಪಿಕೊಂಡ ಹಾಗೆ."

ಸಾಹೇಬರು ಯಾರ ಹೆಸರನ್ನೂ ಬರೆಯಲಿಲ್ಲ. ಕೊಂಬೆಯನ್ನು ತಾವೇ ಎತ್ತಿ ಬಿಸಾಡಲು ಹೋದರು. ಬಗ್ಗಿದರು. ಕೈ ಕೊಂಬೆಗಿಂತ ಒಂದು ಗೇಣು ಮೇಲೆ ನಿಂತಿತು. ಅವರೂ ಇದೇ ನೆಲದವರಲ್ಲವೇ? ಕೆಡ್ಡಸದ ದಿನ ಎಣ್ಣೆ, ಸೀಗೆ ಇಟ್ಟು ನೆಲಕ್ಕೆ ಕೈ ಮುಗಿಯುವ ಅಮ್ಮ ಅವರಿಗೂ ಇದ್ದಿರಬೇಕು. ಬಗ್ಗಿದವರು ಹಾಗೆಯೇ ಎದ್ದರು. ಬೆವರು ಒರೆಸಿಕೊಂಡರು. ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು, ಒರೆಸದೆ.

"ಎಂತ ಬರೆಯಬೇಕು ಹೇಳಿ," ಎಂದರು.

ನಾನು ಬಾಯಿ ತೆರೆದೆ. ಮಾವ ಕೈ ಅಡ್ಡ ಹಿಡಿದರು. ಕುರ್ಚಿಯ ಎದುರು ಬಂದು ನಿಂತರು. ಒಂದೂವರೆ ವರ್ಷ ಬಗ್ಗಿದ್ದ ಬೆನ್ನು ನೆಟ್ಟಗಾಗಿತ್ತು.

"ಒಂದನೆಯ ತುಂಡು. ಒಂದು ವರ್ಷ ಯಾರೂ ಕಾಲಿಟ್ಟಿಲ್ಲ. ನಾವು ಬಿಟ್ಟಿಲ್ಲ. ಎರಡನೆಯ ತುಂಡು. ಎರಡು ವರ್ಷ ಯಾರೂ ಕಾಲಿಟ್ಟಿಲ್ಲ. ನಾವು ಬಿಟ್ಟಿಲ್ಲ." ಹೀಗೆ ಹೇಳುತ್ತಾ ಹೋದರು. ಪ್ರತಿ ತುಂಡಿಗೆ ಯಾವ ವರ್ಷ ಸುಟ್ಟದ್ದು, ಎಂತ ಬಿತ್ತಿದ್ದು, ಆ ವರ್ಷ ಯಾರ ಮದುವೆ, ಯಾರ ಸಾವು, ಮುಂದೆ ಯಾವ ವರ್ಷ ಅವಳು ಏಳುವುದು ಎಲ್ಲ ಹೇಳಿದರು. ಏಳನೆಯದಕ್ಕೆ ಬಂದಾಗ ನಿಂತರು. ಉಸಿರು ತೆಗೆದುಕೊಂಡರು. ಗಂಟಲು ಹರಿಯುವ ಹಾಗೆ ಕೂಗಿದರು.

"ಏಳು ವರ್ಷ ಯಾರೂ ಕಾಲಿಟ್ಟಿಲ್ಲ ಸ್ವಾಮಿ! ಬರೆದುಕೊಳ್ಳಿ!"

ಈ ಸಲ ನನಗೆ ನಗು ಬರಲಿಲ್ಲ. ಅಳು ಬಂತು.

ಸಾಹೇಬರು ಕೈಯಿಂದಲೇ ಮೂರು ಹಾಳೆ ಬರೆದರು. ಟೈಪು ಮಾಡಿದ್ದನ್ನು ನಾನು ಒಲೆಗೆ ಹಾಕಿ ಅವರಿಗೆ ಅದರಲ್ಲೇ ಚಾ ಮಾಡಿಕೊಟ್ಟೆ, ನಮ್ಮದೇ ಲೋಟದಲ್ಲಿ. ಕುಡಿದರು. ಎಲ್ಲ ಓದಿಸಿ ಕೇಳಿದ ಮೇಲೆ ಮುಷ್ಟಿಯೊಳಗಿನ ಹೆಬ್ಬೆರಳುಗಳು ಹೊರಗೆ ಬಂದವು. ಜಿತೇಶ್ ಕೊನೆಗೆ ಕೇಳಿದ, "ಅಜ್ಜ, ಜೀಪು ನಿಂತ ಈ ತುಂಡಿಗೆ ಎಂತ ಬರೆಯುವುದು?"

"ಇವತ್ತು ಒಂದು ಜೀಪು ಬಂದಿತ್ತು ಅಂತ ಬರೆಯಿರಿ ಮಗಾ. ಇನ್ನು ಎಂಟು ವರ್ಷ ಬರುವುದಿಲ್ಲ."

ಮಾವ ಕೊಂಬೆ ಎತ್ತಿದರು. ಜೀಪು ಹೋಯಿತು. ಮತ್ತೆ ಇಟ್ಟರು. ಭೋಜನ ಕೆಲಸ ಉಳಿಯಿತು, ಯಾಕೆಂದರೆ ಆ ದಾರಿಯಲ್ಲಿ ಜೀಪು ಇಳಿಸಲು ಬೇರೆ ಯಾರಿಗೂ ಬರುವುದಿಲ್ಲ.

ಹಕ್ಕುಪತ್ರ ಇನ್ನೂ ಬಂದಿಲ್ಲ. ಬರುವವರೆಗೆ ಬಿಡುವವರು ಯಾರು? ಮಹಜರಿನ ಪ್ರತಿ ಪ್ಲಾಸ್ಟಿಕ್ಕಿನೊಳಗೆ ನಮ್ಮ ಜಂತಿಯಲ್ಲಿ ಉಂಟು. ಮಾವ ದಿನಾ ಅದನ್ನು ಇಳಿಸಿ ನನ್ನಿಂದ ಏಳನೆಯ ತುಂಡಿನದ್ದು ಓದಿಸಿ ಕೇಳುತ್ತಾರೆ.

ಆ ಮರುದಿನದ್ದೊಂದು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಕೋರೆಗೆ ಹೋಗಲು ಎದ್ದೆ. ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟೆ. ತೆಗೆದೆ. ಹೊರಗೆ ಹೋಗಿ ಕಾಸರಕನ ಒಂದು ಕೊಂಬೆ ಮುರಿದು ತಂದು, ನಮ್ಮ ಮನೆಯ ಹೊಸ್ತಿಲಿಗೆ ಅಡ್ಡ ಇಟ್ಟು, ಒಳಗೆ ಚಾಪೆ ಹಾಸಿ ಉದ್ದಕ್ಕೆ ಮಲಗಿದೆ. ಹತ್ತು ಗಂಟೆಗೆ ಕೋರೆಯ ಮೇಸ್ತ್ರಿ ಗುಡ್ಡೆ ಹತ್ತಿ ಬಂದು ಅಂಗಳದಲ್ಲಿ ನಿಂತು ಕೂಗಿದ. ಕುಶಲಾ, ಕಲ್ಲು ಹೊರುವವರಿಲ್ಲ, ಎಂತ ಇದು, ಬರುತ್ತೀಯಾ ಇಲ್ಲವಾ.

ಜಗಲಿಯಲ್ಲಿ ಮಾವ ಹುಂಜಕ್ಕೆ ರಾಗಿ ಹಾಕುತ್ತಿದ್ದರು. "ಕೊಂಬೆ ಕಾಣುವುದಿಲ್ಲವಾ ಮಾರಾಯ?" ಎಂದರು. "ಅವಳು ಹೆತ್ತು ಇಪ್ಪತ್ತೆರಡು ವರ್ಷ ಆಯಿತು. ಈಗ ಮಲಗಿದ್ದಾಳೆ."

ನಾನು ದಿಂಬಿಗೆ ಬಾಯಿ ಒತ್ತಿ ನಕ್ಕೆ. ನಕ್ಕು ನಕ್ಕು ಸುಸ್ತಾಗಿ ನಿದ್ದೆ ಹೋದೆ.